ಅಜ್ಜಿಬಂಡೆಯ ಕೆಳಗೆ ಚಾಚಿದ ಕೈಗಳು

ಟ್ರಯಲ್ಸ್ ಎಂಬ ನಮ್ಮ ಆಟದಲ್ಲಿ ಬೆಳ್ಳಿಯ ಬಟ್ಟಲುಗಳ ಮೇಲೆ ಕೆತ್ತಿಸಿಕೊಂಡ ಹೆಸರುಗಳಿಗೆ ಕೊರತೆಯಿಲ್ಲ. ಯೊಬ್ರೆಗಾತ್ ನದಿಯ ಮೇಲ್ದಂಡೆಯ ನಮ್ಮ ಊರುಗಳಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಯಾರಾದರೊಬ್ಬ ಚಾಂಪಿಯನ್ನನ ಮನೆಯ ಹೆಂಚಿಗೇ ಬೀಳುತ್ತದೆ. ಆದರೆ ಆ ಬಟ್ಟಲುಗಳಲ್ಲಿ ಒಂದರ ಮೇಲೂ ತಮ್ಮ ಹೆಸರಿಲ್ಲದೆ, ಅವುಗಳಲ್ಲಿ ಬಹುಪಾಲು ಯಾರ ಕೈಗಾವಲಿನಲ್ಲಿ ಬಂದವು ಎಂದು ಕೇಳಿದರೆ ಇಡೀ ಕಣಿವೆಯೇ ಬೆರಳು ಮಾಡಿ ತೋರಿಸುವಂಥ ಹಿರಿಯರೊಬ್ಬರು ನಮ್ಮ ನಡುವೆ ಇದ್ದಾರೆ. ಅವರೇ ಶ್ರೀ ಬಾಲ್ದಿರಿ ವಿಲಾರ್ದೆಲ್. ಈ ಶರತ್ಕಾಲಕ್ಕೆ ಎಪ್ಪತ್ತು ತುಂಬಿ, ಗ್ಯಾರೇಜಿನ ಬೀಗದ ಕೈಯನ್ನು ಸೋದರಳಿಯನಿಗೆ ಒಪ್ಪಿಸಿ ನಿವೃತ್ತರಾಗುತ್ತಿರುವ ಅವರಿಗೆ ನಮ್ಮ ಸಂಘವು ಗೌರವದಿಂದ ಈ ಸಂಪುಟವನ್ನು ಅರ್ಪಿಸುತ್ತಿದೆ. ಅವರಿಗೆ ಇದು ಕಿಂಚಿತ್ತೂ ಇಷ್ಟವಿಲ್ಲ ಎಂಬುದನ್ನೂ ಇಲ್ಲಿಯೇ ದಾಖಲಿಸಬೇಕು. "ಅಷ್ಟು ಕಾಗದ ಹಾಳು ಮಾಡೋ ಬದಲು ಒಂದು ಒಳ್ಳೆ ನೀರಿನ ಪಂಪು ತಗೊಳ್ಳಿ, ಗಾಡಿ ತೊಳೆಯೋಕಾದ್ರೂ ಆಗುತ್ತೆ" ಎಂದು ಅವರು ತುಂಬಿದ ಸಭೆಯಲ್ಲೇ ಹೇಳಿದರು. ಪಂಪನ್ನೂ ತಂದಿದ್ದೇವೆ.

ಮುಂದೆಂದೋ ಈ ಪುಟ ತೆರೆಯಲಿರುವ ಮೊಮ್ಮಕ್ಕಳಿಗಾಗಿ ಒಂದು ಮಾತು. ನಮ್ಮದು ವೇಗದ ಆಟವಲ್ಲ. ಹಳ್ಳದ ಬಂಡೆಗಳ ನಡುವೆ ಪಟ್ಟಿ ಕಟ್ಟಿ ಗುರುತಿಸಿದ ಹಾದಿಯಲ್ಲಿ, ಕಾಲು ನೆಲಕ್ಕೆ ತಾಗಿಸದೆ, ಮೋಟರ್‌ಸೈಕಲ್ಲನ್ನು ಮೆಲ್ಲಗೆ, ಎಷ್ಟೋ ಸಲ ನಿಂತಲ್ಲೇ ನಿಲ್ಲಿಸಿ, ಮತ್ತೆ ನೆಗೆಸಿ ದಾಟಿಸುವುದು ಇದರ ಹಿರಿಮೆ. ಕಾಲು ಊರಿದಷ್ಟೂ ತಪ್ಪಂಕ ಏರುತ್ತದೆ, ಬಿದ್ದರೆ ಐದು. ದೊಡ್ಡ ಬಂಡೆಗಳ ಕೆಳಗೆ ಸವಾರನ ಸಹಾಯಕ್ಕೆ ಒಬ್ಬರು ನಿಲ್ಲುತ್ತಾರೆ. ಬೆನ್ನ ಮೇಲೆ ಸ್ಪ್ಯಾನರು, ಕ್ಲಚ್ ಲಿವರು, ನೀರು, ಟೊಮೆಟೊ ಉಜ್ಜಿದ ಬ್ರೆಡ್ಡು ತುಂಬಿದ ಚೀಲವಿರುವುದರಿಂದ ಅವರನ್ನು ನಾವು ಚೀಲದವರು ಎನ್ನುತ್ತೇವೆ. ಗಾಡಿ ಹಿಮ್ಮುಖವಾಗಿ ಮಗುಚಿ ಸವಾರನ ಮೈಮೇಲೆ ಬೀಳುವ ಮೊದಲು ಹಿಡಿಯುವುದು ಅವರ ಕೆಲಸ. ಆದರೆ ಹಿಡಿದರೂ ಐದು ತಪ್ಪಂಕವೇ, ಬೆರಳು ಸೋಕಿದರೂ ಐದೇ. ಹೀಗಾಗಿ ಚೀಲದವರ ಬದುಕೆಲ್ಲ ಚಕ್ರಕ್ಕೂ ಅಂಗೈಗೂ ನಡುವಿನ ನಾಲ್ಕು ಬೆರಳು ಜಾಗದಲ್ಲಿ ಕಳೆದುಹೋಗುತ್ತದೆ. ಬಾಲ್ದಿರಿಯವರು ಮೂವತ್ತಕ್ಕೂ ಹೆಚ್ಚು ವರ್ಷ ಆ ಜಾಗದಲ್ಲಿ ನಿಂತವರು.

ನದಿಯಂಚಿನ ಬಟ್ಟೆ ಗಿರಣಿಯ ವಸತಿಯಲ್ಲಿ ಹುಟ್ಟಿದ ಅವರು ಮಗ್ಗಗಳ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದರು. ಯಾವ ಮಗ್ಗ ನಿಂತಿತು ಎಂಬುದನ್ನು ಅವರ ತಂದೆ ಹಾಸಿಗೆಯಲ್ಲೇ ಮಲಗಿ ಹೇಳುತ್ತಿದ್ದರಂತೆ. ಗಿರಣಿ ಮುಚ್ಚಿದ ಮೇಲೆ ಅದರ ಹಳೆಯ ಕುದುರೆಲಾಯದಲ್ಲೇ ಬಾಲ್ದಿರಿಯವರು ಗ್ಯಾರೇಜು ತೆರೆದರು, ತಂದೆಯ ಕಿವಿಯನ್ನೇ ಬಂಡವಾಳವಾಗಿಟ್ಟರು. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ, ಮಂಕಾಗಿ ನುಡಿದದ್ದನ್ನು ಬಿಗಿಮಾಡುತ್ತಿದ್ದರು. ಗಾಳಿಯ ಫಿಲ್ಟರಿನ ಸ್ಪಂಜನ್ನು ತೊಳೆದು, ಎಣ್ಣೆಯಲ್ಲಿ ಅದ್ದಿ ಹಿಂಡುವಾಗ ಪಕ್ಕದಲ್ಲಿ ಮಾತಾಡಿದರೆ ಗದರುತ್ತಿದ್ದರು. ಪಂದ್ಯದಿಂದ ಬಂದವರು ಗಾಡಿ ತೊಳೆಯದೆ ಊಟಕ್ಕೆ ಕೂರುವ ಹಾಗಿರಲಿಲ್ಲ. "ತೊಳೆಯದ ಗಾಡಿ ಸುಳ್ಳು ಹೇಳುತ್ತೆ, ಕೆಸರಿನ ಕೆಳಗೆ ಬಿರುಕು ಬಚ್ಚಿಟ್ಕೊಂಡಿರುತ್ತೆ" ಎಂಬುದು ಅವರ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಹಸಿದ ಹೊಟ್ಟೆಯಲ್ಲಿ ಪೈಪು ಹಿಡಿದು ಅವರನ್ನು ಶಪಿಸಿದ್ದೇವೆ. ಆ ಶಾಪಗಳು ತಟ್ಟಿದ್ದರೆ ಈ ಸಮಾರಂಭ ನಡೆಯುತ್ತಿರಲಿಲ್ಲ.

ಅವರ ಉಪಕಾರಗಳನ್ನು ಹೇಳಹೊರಟರೆ ಸಂಪುಟ ಸಾಲದು. ಒಮ್ಮೆ ಪಂದ್ಯದ ಮುಂಜಾನೆ ಎದುರಾಳಿ ಊರಿನ ಸವಾರನ ಕ್ಲಚ್ ಲಿವರು ಮುರಿದಾಗ, ತಮ್ಮ ಚೀಲದಲ್ಲಿದ್ದ ಒಂದೇ ಒಂದು ಲಿವರನ್ನು ತೆಗೆದು ಕೊಟ್ಟರು. ಅಂದು ನಮ್ಮವನನ್ನು ಸೋಲಿಸಿದ್ದು ಅದೇ ಲಿವರು. ನಮ್ಮ ಅಧ್ಯಕ್ಷರು ವಾರಗಟ್ಟಲೆ ಮುಖ ಸಿಂಡರಿಸಿಕೊಂಡಿದ್ದರು. ಬಾಲ್ದಿರಿಯವರಂತೂ ಮುಂದಿನ ಪಂದ್ಯಕ್ಕೆ ಎರಡು ಲಿವರು ಹಾಕಿಕೊಂಡು ಹೋದರು, ಅಷ್ಟೇ.

ಇಂಥವರ ಬಳಿಗೆ, ಆಗಿನ್ನೂ ಹುಡುಗಿಯಾಗಿದ್ದ ಕೆರಾಲ್ತ್ ಪುಜೊಲಾಸ್ ಬಂದರು. ನಾವೆಲ್ಲ ಅಭ್ಯಾಸ ಮಾಡುವ ಪುಜೊಲಾಸ್ ಹಳ್ಳ ಅವರ ಮನೆತನದ್ದೇ. ಅಣ್ಣನ ಹಳೆಯ ಗಾಡಿಯನ್ನು ಹೇಳದೆ ಕೇಳದೆ ಹಳ್ಳಕ್ಕಿಳಿಸಿ, ಮುಂದಿನ ಚಕ್ರ ಸೊಟ್ಟ ಮಾಡಿಕೊಂಡು, ಮನೆಗೆ ಗೊತ್ತಾಗುವ ಮೊದಲೇ ನೆಟ್ಟಗೆ ಮಾಡಿಕೊಡಿ ಎಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಬಾಲ್ದಿರಿಯವರು ಚಕ್ರ ನೋಡಿದರು, ಹುಡುಗಿಯ ತರಚಿದ ಮೊಣಕೈ ನೋಡಿದರು, ಬಿದ್ದದ್ದು ಎಲ್ಲಿ ಎಂದು ಕೇಳಿದರು. ಅಜ್ಜಿಬಂಡೆಯ ಮೇಲೆ ಎಂದಾಗ ಸ್ಪ್ಯಾನರು ಕೆಳಗಿಟ್ಟು ಜೋರಾಗಿ ನಕ್ಕರು. ಹಳ್ಳದ ತಿರುವಿನಲ್ಲಿ ಪಾಚಿಯ ಸೆರಗು ಹೊದ್ದು ಕೂತ ಆ ಬಂಡೆಯನ್ನು ಹೆಣ್ಣುಮಕ್ಕಳಲ್ಲಿ ಯಾರೂ ಹತ್ತಿರಲಿಲ್ಲ. ಗಂಡಸರಲ್ಲೂ ಹತ್ತಿದವರಿಗಿಂತ ಹತ್ತಿದೆ ಎಂದವರೇ ಹೆಚ್ಚು. ಮುಂದಿನ ಭಾನುವಾರದಿಂದ ಅವರು ಕೆರಾಲ್ತ್ ಅವರ ಚೀಲದವರಾದರು. ಹನ್ನೆರಡು ವರ್ಷ ಆ ಇಬ್ಬರೂ ಜೊತೆಯಾಗಿ ಸುತ್ತದ ಬೆಟ್ಟವಿಲ್ಲ. ಕೆರಾಲ್ತ್ ಅವರ ಎಂಜಿನ್ನಿನ ದನಿ ಎಲ್ಲಿ ಒಂದೆಳೆ ಕುಸಿದರೆ ಗಾಡಿ ಹಿಂದಕ್ಕೆ ಬರುತ್ತದೆಂಬುದು ಕಣ್ಣಿಗಿಂತ ಮೊದಲು ಬಾಲ್ದಿರಿಯವರ ಕಿವಿಗೆ ತಿಳಿಯುತ್ತಿತ್ತು.

ಈಗ ಆ ದಿನದ ಮಾತು. ಹೆಣ್ಣುಮಕ್ಕಳ ಪ್ರಶಸ್ತಿಯ ಕೊನೆಯ ಸುತ್ತು ನಮ್ಮ ಹಳ್ಳದಲ್ಲೇ ನಡೆಯಿತು, ಕೊನೆಯ ಹಾದಿ ಅಜ್ಜಿಬಂಡೆಯದೇ. ಕೆರಾಲ್ತ್ ಕಾಲೂರದೆ ಅದನ್ನು ಹತ್ತಿದರೆ ಪ್ರಶಸ್ತಿ. ತಪ್ಪಂಕ ಎಣಿಸುವ ವೀಕ್ಷಕರಾಗಿ ಎದುರಿಗೆ ಮಡಚುಕುರ್ಚಿ ಹಾಕಿ ಕೂತವರು ಬ್ರೆಡ್ಡಿನಂಗಡಿಯ ಶ್ರೀಮತಿ ರೆಮೇಯಿ. ಗಾಡಿ ಬಂಡೆಯ ನೆತ್ತಿಯವರೆಗೆ ಹೋಯಿತು, ಅಲ್ಲಿ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಒಂದು ಗಳಿಗೆ ನಿಂತಿತು. ಎಂಜಿನ್ನಿನ ದನಿ ಕುಸಿದದ್ದು ಬಾಲ್ದಿರಿಯವರಿಗೆ ಕೇಳಿಸಿತು. ಅವರ ಕೈ ಚಕ್ರವನ್ನು ಹಿಡಿಯಿತು. ರೆಮೇಯಿಯವರು ಐದು ಬೆರಳೆತ್ತಿದರು.

ಕೆರಾಲ್ತ್ ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. "ನಾನು ಹತ್ತಿರ್ತಿದ್ದೆ" ಎಂದರು.

"ಹತ್ತಿರ್ತಿದ್ದೆಯೇನೋ" ಎಂದರು ಬಾಲ್ದಿರಿ.

"ನಿಮಗೆ ನನ್ಮೇಲೆ ನಂಬಿಕೆ ಇರ್ಲಿಲ್ಲ ಮಾಮ. ಅಷ್ಟೇ."

ಅಲ್ಲಿಗೆ ಆ ಜೋಡಿ ಮುರಿಯಿತು. ಕೆರಾಲ್ತ್ ಬೇರೆ ಚೀಲದವರನ್ನು ಹುಡುಕಿಕೊಂಡರು. ಬಾಲ್ದಿರಿಯವರು ಯಾರ ಬಳಿಯೂ ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ, ಏಕೆಂದರೆ ಕೇಳಿಸಿದ್ದು ಎಂಜಿನ್ನಿನ ದನಿಯೋ ತಮ್ಮದೇ ಭಯವೋ ಎಂಬುದು ಅವರಿಗೇ ಇತ್ಯರ್ಥವಾಗಿರಲಿಲ್ಲ. ಆ ಮಾತು ಅವರ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ಆದರೂ ಕೆರಾಲ್ತ್ ಅವರ ಗಾಡಿ ಮಾತ್ರ ಗ್ಯಾರೇಜಿಗೆ ಬರುತ್ತಲೇ ಇತ್ತು. ಅಣ್ಣನ ವ್ಯಾನಿನಲ್ಲಿ ಮೌನವಾಗಿ ಬಂದಿಳಿಯುತ್ತಿತ್ತು, ತೊಳೆದು ಒರೆಸಿಕೊಂಡು ಮೌನವಾಗಿಯೇ ಹೋಗುತ್ತಿತ್ತು. ಬಾಲ್ದಿರಿಯವರು ಅದನ್ನು ಬಿಚ್ಚಿ ಅವಳ ಕ್ಷೇಮಸಮಾಚಾರ ತಿಳಿಯುತ್ತಿದ್ದರು. ಕ್ಲಚ್ಚಿನ ಪ್ಲೇಟು ಸುಟ್ಟಿದ್ದರೆ, ಹುಡುಗಿ ಧೈರ್ಯ ಸಾಲದೆ ಕ್ಲಚ್ ಹಿಡಿದೇ ಓಡಿಸುತ್ತಿದ್ದಾಳೆ ಎಂದುಕೊಂಡು ಲಿವರನ್ನು ಅವಳ ಬೆರಳಿಗೆ ಇನ್ನೊಂದಿಷ್ಟು ಹತ್ತಿರ ತರುತ್ತಿದ್ದರು. ಮುಂದಿನ ಸಲ ಪ್ಲೇಟು ಸುಡದೆ ಬಂದರೆ ಆ ದಿನವೆಲ್ಲ ಸಿಳ್ಳೆ ಹಾಕುತ್ತಿದ್ದರು. ಮಾತು ಬಿಟ್ಟವರ ನಡುವೆ ಇಷ್ಟೊಂದು ಮಾತುಕತೆ ನಡೆದದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ವರ್ಷಗಳು ಹೀಗೆ ಹಳ್ಳದ ನೀರಿನಂತೆ ಹರಿದವು. ಕೆರಾಲ್ತ್ ಪಂದ್ಯಗಳನ್ನು ಬಿಟ್ಟು, ಊರಿನ ಹೆಣ್ಣುಮಕ್ಕಳಿಗೆ ಕಲಿಸತೊಡಗಿದರು. ಅಷ್ಟರಲ್ಲಿ ಹಳ್ಳದ ಆಚೆ ಬಂದು ನೆಲೆಸಿದ ಹೊಸಬರಿಗೆ ನಮ್ಮ ಎಂಜಿನ್ನುಗಳ ಸದ್ದು ಸಹಿಸಲಾಗಲಿಲ್ಲ. ಮಳೆ ಕಡಿಮೆಯಾದ ಬೇಸಿಗೆಗಳಲ್ಲಿ ಕಾಡಿನ ಬೆಂಕಿಯ ಭಯ ಬೇರೆ. ಪೆಟ್ರೋಲ್ ಗಾಡಿಗಳು ಇನ್ನು ಹಳ್ಳಕ್ಕಿಳಿಯಕೂಡದೆಂದು ಆಯಿತು. ಆಟ ಉಳಿಯಬೇಕಾದರೆ ಬ್ಯಾಟರಿಯ ಗಾಡಿಗಳೇ ಗತಿ ಎಂದು ಕಿರಿಯರು, ಅದಕ್ಕಿಂತ ಬೀಗ ಹಾಕುವುದು ಮೇಲು ಎಂದು ಹಿರಿಯರು, ಸಂಘದ ಸಭೆ ಎರಡು ಹೋಳಾಯಿತು. "ಗಾಡಿ ಅಂದ್ಮೇಲೆ ಉಸಿರಾಡ್ಬೇಕು. ಇದು ಚಕ್ರ ಕಟ್ಟಿದ ಫ್ರಿಜ್ಜು" ಎಂದು ಬಾಲ್ದಿರಿಯವರು ಎದ್ದು ನಿಂತು ಹೇಳಿದಾಗ ಹಿರಿಯರೆಲ್ಲ ಚಪ್ಪಾಳೆ ತಟ್ಟಿದರು. ಮರುದಿನವೇ ಅವರು ಅಂಥ ಚಕ್ರದ ಫ್ರಿಜ್ಜೊಂದನ್ನು ಗ್ಯಾರೇಜಿಗೆ ತರಿಸಿ ಸ್ಕ್ರೂ ಸ್ಕ್ರೂ ಬಿಚ್ಚಿ ನೋಡಿದ್ದು ಚಪ್ಪಾಳೆ ತಟ್ಟಿದವರಿಗೆ ಗೊತ್ತಿರಲಿಲ್ಲ. ತೊಳೆಯಲು ಸ್ಪಂಜಿಲ್ಲ, ನೋಡಲು ಪ್ಲಗ್ಗಿಲ್ಲ. ಆದರೆ ಸರಪಳಿ ಅದೇ, ಬೇರಿಂಗು ಅದೇ, ತಟ್ಟಿದರೆ ನುಡಿಯುವ ಕಡ್ಡಿಗಳೂ ಅವೇ. ಮೆಕ್ಯಾನಿಕ್ ಆಗಿ ಅವರು ಹೊಸ ಗಾಡಿಯನ್ನು ಒಪ್ಪಿದರು. ಹೆಣ್ಣುಮಕ್ಕಳ ಗಾಡಿಗಳನ್ನೆಲ್ಲ ತಾವೇ ನೋಡಿಕೊಂಡರು.

ಚೀಲವನ್ನು ಮಾತ್ರ ಮೊಳೆಗೆ ತೂಗುಹಾಕಿದರು. ಯಾರು ಕರೆದರೂ ಬಂಡೆಯ ಕೆಳಗೆ ನಿಲ್ಲಲಿಲ್ಲ. ವಯಸ್ಸಾಯಿತು ಎಂದರು, ಮಂಡಿನೋವು ಎಂದರು. ನಿಜವನ್ನು ಹೇಳಿದ್ದು ರೆಮೇಯಿಯವರ ಅಂಗಡಿಯಲ್ಲಿ, ಬ್ರೆಡ್ಡು ಕಟ್ಟಿಸಿಕೊಳ್ಳುವಾಗ: ದನಿಯಿಲ್ಲದ ಗಾಡಿ ಬೀಳುವುದು ತಮಗೆ ತಿಳಿಯುವುದಿಲ್ಲ, ದನಿ ಇದ್ದಾಗಲೇ ಒಬ್ಬಳ ವಿಷಯದಲ್ಲಿ ಎಡವಿದೆನೇನೋ, ಇನ್ನು ಕುರುಡಾಗಿ ಯಾರ ಮಕ್ಕಳ ಕೆಳಗೆ ಹೋಗಿ ನಿಲ್ಲಲಿ? ಉಳಿದ ಹಿರಿಯ ಚೀಲದವರು ಬ್ಯಾಟರಿ ಗಾಡಿಯೆಂದರೆ ಹಳ್ಳಕ್ಕೇ ಇಳಿಯುತ್ತಿರಲಿಲ್ಲ. ಚೀಲದವರಿಲ್ಲದೆ ದೊಡ್ಡ ಬಂಡೆಗಳನ್ನು ಕಲಿಸುವ ಹಾಗಿರಲಿಲ್ಲ. ಹೆಣ್ಣುಮಕ್ಕಳು ಮರಳಿನ ಮೇಲೆ, ಪುಟ್ಟ ಕಲ್ಲುಗಳ ಮೇಲೆ ಸುತ್ತು ಹಾಕಿ ಬೇಸತ್ತು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಹಳ್ಳ ಉಳಿದು ಆಟ ಹೋಗುವ ಕಾಲ ಬಂದಿತ್ತು.

ಕಳೆದ ವಸಂತದಲ್ಲಿ ಒಂದು ಬೆಳಿಗ್ಗೆ ವ್ಯಾನಿನಿಂದ ಗಾಡಿಯ ಜೊತೆ ಕೆರಾಲ್ತ್ ಅವರೂ ಇಳಿದರು. ಬಾಲ್ದಿರಿಯವರು ಕೈಯೊರೆಸಿಕೊಂಡು ನಿಂತೇ ಇದ್ದರು. ನೆಲ ನೋಡುತ್ತ ಮೊದಲು ಮಾತಾಡಿದವರು ಕೆರಾಲ್ತ್ ಅವರೇ.

"ಅಜ್ಜಿಬಂಡೆ ಹತ್ತಬೇಕು. ಹುಡುಗೀರು ನೋಡ್ಬೇಕು. ಕೆಳಗೆ ನಿಲ್ಲೋಕೆ ಯಾರೂ ಇಲ್ಲ."

"ಈ ಗಾಡಿದು ನಂಗೆ ಏನೂ ಕೇಳಿಸಲ್ಲ ಕಣಮ್ಮ."

"ನಂಗೂ ಕೇಳಿಸಲ್ಲ. ಇಬ್ರೂ ಕಿವುಡರೇ ಆದ್ವಿ, ಬನ್ನಿ."

ಹಾಗೆ ಅವರು ಮೊಳೆಯಿಂದ ಚೀಲ ಇಳಿಸಿದರು. ಹಳ್ಳದಲ್ಲಿ ಅಂದು ಮಂಜು ಇನ್ನೂ ಕರಗಿರಲಿಲ್ಲ. ನೀರಿನ ಮೇಲೆ ಬಿಳಿಯ ಹೊಗೆ ಹಾಯುತ್ತಿತ್ತು. ಮರಗಳು ಅರ್ಧ ಇದ್ದವು, ಅರ್ಧ ಇರಲಿಲ್ಲ. ಹೆಣ್ಣುಮಕ್ಕಳು ಶಾಲು ಹೊದ್ದು ಕಲ್ಲುಗಳ ಮೇಲೆ ಕೂತಿದ್ದರು, ರೆಮೇಯಿಯವರು ತಮ್ಮ ಮಡಚುಕುರ್ಚಿಯಲ್ಲಿದ್ದರು. ಬಾಲ್ದಿರಿಯವರು ಅಜ್ಜಿಬಂಡೆಯ ಕೆಳಗೆ ತಮ್ಮ ಹಳೆಯ ಜಾಗದಲ್ಲಿ ನಿಂತು ಕೈ ಚಾಚಿದಾಗ, ಪಾದಗಳು ತಾವಾಗಿ ನೆಲೆ ಹುಡುಕಿಕೊಂಡವು. ಗಾಡಿ ಬಂತು. ಸರಪಳಿಯ ಸಣ್ಣ ಸರಸರ, ಒದ್ದೆ ಕಲ್ಲಿನ ಮೇಲೆ ಟಯರಿನ ಮೆತ್ತನೆಯ ಸದ್ದು, ಅಷ್ಟೇ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು, ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಕನಸಿನಲ್ಲಿ ನಡೆದಂತೆ ಗಾಡಿ ಏರಿತು, ನೆತ್ತಿಯಲ್ಲಿ, ಅದೇ ಜಾಗದಲ್ಲಿ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಂತಿತು. ಬಾಲ್ದಿರಿಯವರು ಅಭ್ಯಾಸಬಲದಿಂದ ಎಂಜಿನ್ನಿನ ದನಿಗಾಗಿ ಕಿವಿಗೊಟ್ಟರು. ಅದರ ಬದಲಿಗೆ, ಬಂಡೆಗಳ ಕೆಳಗೆ ನಿಂತ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಸಿರದ ಒಂದು ಸದ್ದು ಕೇಳಿಸಿತು. ಅದು ಕೆರಾಲ್ತ್ ಅವರ ಉಸಿರು. ಕೇಳುತ್ತಿದ್ದಂತೆ ಅದು ಕಟ್ಟಿತು. ಬಾಲ್ದಿರಿಯವರ ಕೈ ಚಕ್ರದತ್ತ ಮೇಲೆದ್ದಿತು. ಆಗ ಉಸಿರು ಮೆಲ್ಲಗೆ, ಆರಾಮಾಗಿ ಹೊರಬಂತು. ಕೈ ನಾಲ್ಕು ಬೆರಳು ದೂರದಲ್ಲೇ ನಿಂತಿತು, ಗಾಡಿ ಮುಂದಕ್ಕೆ ವಾಲಿ ಬಂಡೆಯ ಆಚೆ ಹೋಯಿತು.

ರೆಮೇಯಿಯವರು ಮುಚ್ಚಿದ ಮುಷ್ಟಿ ಎತ್ತಿದರು: ಒಂದೂ ತಪ್ಪಿಲ್ಲ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಬೇಕೆಂಬುದನ್ನೂ ಮರೆತು ಕೂತಿದ್ದರು. ಕೆರಾಲ್ತ್ ಬಂಡೆಯ ಅಂಚಿಗೆ ನಡೆದು ಬಂದು ಕೆಳಗೆ ಇಣುಕಿದರು.

"ಮಾಮ, ನೀವು ಮಾತಾಡ್ತಾ ಇದ್ರಿ."

"ನಾನಾ? ಇಲ್ವಲ್ಲಮ್ಮ."

"'ಇದ್ದೀನಿ, ಇಲ್ಲೇ ಇದ್ದೀನಿ' ಅಂತಿದ್ರಿ. ನಾನು ಹತ್ತಿ ಮುಗಿಸೋವರೆಗೂ."

ಬಾಲ್ದಿರಿಯವರಿಗೆ ನಿಜವಾಗಿಯೂ ಅದು ಗೊತ್ತಿರಲಿಲ್ಲ. ಉತ್ತರ ಬಂದದ್ದು ಮಡಚುಕುರ್ಚಿಯಿಂದ. "ಇವತ್ತೇನು ಹೊಸದಾ? ಇವನು ಯಾವತ್ತೂ ಹಾಗೇ ಅಂತಾನೆ. ಎದುರಿಗೆ ಕೂತು ಆ ತುಟಿ ಆಡೋದನ್ನ ನಾನು ಎಷ್ಟು ವರ್ಷದಿಂದ ನೋಡ್ತಿದೀನಿ. ಆ ಎಂಜಿನ್ ಗಲಾಟೇಲಿ ನಿಮಗೆಲ್ಲಿ ಕೇಳ್ಬೇಕು?"

"ಆವತ್ತೂನಾ?" ಎಂದು ಕೇಳಿದರು ಕೆರಾಲ್ತ್. ಯಾವತ್ತು ಎಂದು ಯಾರೂ ಕೇಳಲಿಲ್ಲ.

"ಆವತ್ತೂನೂ. ಗಾಡಿ ಹಿಡಿದ್ಮೇಲೂ ಬಾಯಿ ನಿಂತಿರ್ಲಿಲ್ಲ."

ಕೆರಾಲ್ತ್ ಬಂಡೆಯಿಂದ ಜಾರಿಕೊಂಡೇ ಇಳಿದು ಬಂದು ಬಾಲ್ದಿರಿಯವರ ಎರಡೂ ಕೈಗಳನ್ನು ಹಿಡಿದರು. ಕಣ್ಣೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆವತ್ತು ನಾನು ಹತ್ತಿರ್ತಿರ್ಲಿಲ್ಲ ಮಾಮ. ಬಿದ್ದಿರ್ತಿದ್ದೆ" ಎಂದರು. "ಇಲ್ಲ ಕಣಮ್ಮ, ಹತ್ತಿರ್ತಿದ್ದೆ" ಎಂದರು ಬಾಲ್ದಿರಿ. ಇಬ್ಬರೂ ಪಟ್ಟು ಬಿಡಲಿಲ್ಲ. ಸಾಸೇಜೂ ಬಿಳಿ ಅವರೆಯೂ ಆರಿಹೋಗುತ್ತಿವೆ, ಜಗಳ ಊಟದ ಮೇಲೆ ಮಾಡಿ ಎಂದು ರೆಮೇಯಿಯವರು ಕುರ್ಚಿ ಮಡಚಿದರು. ಅದಕ್ಕೂ ಮೊದಲು ಗಾಡಿ ತೊಳೆಯಬೇಕಾಯಿತು ಎಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ಆಟದ ಭವಿಷ್ಯವೇನೆಂದು ಈ ಸಂಪುಟದಲ್ಲಿ ಬಲ್ಲವರು ಬೇರೆಡೆ ಬರೆದಿದ್ದಾರೆ. ನಮಗೆ ಗೊತ್ತಿರುವುದು ಇಷ್ಟು. ಗ್ಯಾರೇಜಿನಿಂದ ನಿವೃತ್ತರಾದರೂ ಬಾಲ್ದಿರಿಯವರು ಭಾನುವಾರಗಳಂದು ಹಳ್ಳಕ್ಕೆ ಬರುತ್ತಾರೆ. ಬಿಟ್ಟುಹೋದ ಹೆಣ್ಣುಮಕ್ಕಳು ಮರಳಿದ್ದಾರೆ, ಹೊಸಬರನ್ನೂ ಕರೆತಂದಿದ್ದಾರೆ. ಒಬ್ಬಳು ಹತ್ತುವಾಗ ಇನ್ನೊಬ್ಬಳು ಚೀಲ ಹಾಕಿಕೊಂಡು ಕೆಳಗೆ ನಿಂತು ಕೈ ಚಾಚುತ್ತಾಳೆ, "ಇದ್ದೀನಿ, ಇಲ್ಲೇ ಇದ್ದೀನಿ" ಎನ್ನುತ್ತಾಳೆ. ಅದು ಆಟದ ನಿಯಮವೆಂದೇ ಅವರು ತಿಳಿದಿದ್ದಾರೆ. ನಾವು ಯಾರೂ ತಿದ್ದಲು ಹೋಗಿಲ್ಲ.

ಹಿರಿಯರಾದ ಬಾಲ್ದಿರಿ ವಿಲಾರ್ದೆಲ್ ಅವರಿಗೆ ಆಯುರಾರೋಗ್ಯಗಳು ಸಮೃದ್ಧಿಯಾಗಿ ದೊರೆಯಲಿ, ಹೊಸ ಪಂಪಿನಲ್ಲಿ ನೀರು ಬತ್ತದಿರಲಿ, ಅವರು ತಟ್ಟುವ ಕಡ್ಡಿಗಳು ಇನ್ನೂ ಬಹುಕಾಲ ನುಡಿಯುತ್ತಿರಲಿ ಎಂದು ನಮ್ಮ ಸಂಘವು ಕೈಜೋಡಿಸಿ ಹಾರೈಸುತ್ತದೆ. ಇಷ್ಟು ವರ್ಷ ನಮಗೆ ಕೇಳಿಸದಿದ್ದರೂ 'ಇದ್ದೀನಿ' ಎನ್ನುತ್ತಲೇ ಇದ್ದವರು ಅವರು. ಈಗ ಕೇಳಿಸುತ್ತಿದೆ. ಅವರು ಇರಲಿ.