ಆಯುಧಪೂಜೆಗೆ ತೊಳೆದ ಗಾಜು

ನನ್ನ ಸಂಶೋಧನೆ ಏನೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿತ್ತು. ಬಿಸಿಲಿನಿಂದ ಕರೆಂಟು ಹುಟ್ಟಿಸಬಲ್ಲ ಒಂದು ಬಗೆಯ ಪ್ಲಾಸ್ಟಿಕ್ ಇದೆ. ಅದನ್ನು ಗಾಜಿನ ಚೂರುಗಳ ಮೇಲೆ ತೆಳ್ಳಗೆ ಬಳಿದು, ತಿಂಗಳುಗಟ್ಟಲೆ ಬಿಸಿಲಿಗಿಟ್ಟು, ಆಮೇಲೆ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳು ಹೇಗೆ ಓಡಾಡುತ್ತವೆಂದು ಪ್ರಯೋಗಾಲಯದಲ್ಲಿ ಲೇಸರ್ ಬೆಳಕು ಬಿಟ್ಟು ನೋಡುವುದು ನನ್ನ ಕೆಲಸ. ಒಳಗೇನಿದೆ ಎಂಬುದು ನನಗೆ ಬೇಡ, ಮೇಲಿನ ಪೊರೆಯಷ್ಟೇ ಬೇಕು. ಅಪ್ಪಿತಪ್ಪಿ ಬೆರಳು ತಗುಲಿದರೂ ಆ ಚೂರು ಕಸಕ್ಕೆ.

ನಮ್ಮೂರು ತೋವಿನಕೆರೆ. ಆದರೆ ಬಿಸಿಲೆಂದರೆ ಪಾವಗಡದ್ದೇ. ಹಾಗಾಗಿ ಚೂರುಗಳ ಟ್ರೇಯನ್ನು ಅಲ್ಲಿನ ತಿರುಮಣಿಯಲ್ಲಿರುವ ಸೋದರಮಾವನ ತಾರಸಿಯ ಮೇಲಿಟ್ಟು ಬಂದೆ. ಮಾವನ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು, ಅವನಿಗೂ ಹೊತ್ತು ಹೋಗಬೇಕಿತ್ತು. ಕಾಗೆ ಓಡಿಸುವುದು, ಮೋಡ ಕವಿದರೆ ಟ್ರೇ ಸಮೇತ ಒಳಗಿಡುವುದು ಎಲ್ಲ ಅವನದೇ.

ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತಿತ್ತು. ಆ ಚೂರುಗಳ ಅಳತೆ ಸಿಕ್ಕರೆ ಪಿಎಚ್.ಡಿ., ಇಲ್ಲದಿದ್ದರೆ ಇಷ್ಟು ವರ್ಷದ ದುಡಿಮೆಯೆಲ್ಲ ನೀರುಪಾಲು.

ವಿಜಯದಶಮಿಯ ದಿನ ಮಧುಗಿರಿಯಲ್ಲಿ ಬಸ್ಸು ಬದಲಿಸಿ ತಿರುಮಣಿಗೆ ಹೋದೆ. ಚೂರುಗಳು ತಾರಸಿಯ ಮೇಲಿರಲಿಲ್ಲ. ದೇವರ ಮುಂದೆ ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಹೂವು.

"ಸೋಪಾಕಿ ತಿಕ್ಕಿ ತೊಳ್ದೆ ಕಣಮ್ಮ, ಧೂಳ್ ಹಿಡ್ದಿತ್ತು," ಎಂದ ಮಾವ. "ನಿನ್ನ ಕಸುಬಿನ ಸಾಮಾನು. ತೊಳೀದೆ ಹೆಂಗೆ ಪೂಜೆ ಮಾಡಾದು?"

ಮೊದಲೇ ನನಗೆ ಮೂಗಿನ ತುದಿಯಲ್ಲೇ ಕೋಪ.

"ಯಾರ್ ಮಾವ ನಿಂಗೆ ಮುಟ್ಟು ಅಂದಿದ್ದು? ಎಲ್ಲಾ ಹಾಳ್ಮಾಡ್ಬುಟ್ಯಲ್ಲ," ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಒಲೆಯ ಮುಂದಿದ್ದ ಅತ್ತೆ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಮಾವ ಕುಂಕುಮ ಒರೆಸಲು ಹೋಗಿ ಕೈ ಹಿಂದಕ್ಕೆಳೆದುಕೊಂಡ. "ನೇಗ್ಲು ಕೊಟ್ಬುಟ್ಟೆ, ಪಂಪ್‌ಸೆಟ್ಟೂ ಹೋಯ್ತು. ಈ ಸಲ ಪೂಜೆ ಮಾಡಾಕೆ ಮನೇಲಿ ಇನ್ನೇನೈತೆ ಹೇಳಮ್ಮ," ಎಂದ.

ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಅವನನ್ನು ನೋಡಿ ಅಯ್ಯೋ ಎನಿಸುತ್ತಲೂ ಇತ್ತು. ಅತ್ತೆ ಬಡಿಸಿದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಬಸ್ ಹತ್ತಿಸಲು ಬಂದ ಮಾವ ಕಿಟಕಿಯ ಹತ್ತಿರ ನಿಂತು, "ಬ್ಯಾಸ್ಗೆಗೆ ಮತ್ತೆ ತತ್ತೀಯ ತಾನೆ? ಮ್ಯಾಲಕ್ಕೆ ಯಾರ್ನೂ ಹತ್ತಾಕೆ ಬುಡಲ್ಲ," ಎಂದ.

ಬೇಸಿಗೆಯ ಹೊತ್ತಿಗೆ ಆ ಪ್ರಯೋಗಾಲಯದಲ್ಲಿ ನನಗೆ ಜಾಗವೇ ಇರುವುದಿಲ್ಲ.

"ತರ್ತೀನಿ ಮಾವ," ಎಂದೆ.