ಪೇಚ್ಚಿಮುತ್ತು ಒಡೆದ ಸೀಲು

ಆರಲ್ವಾಯ್‌ಮೊಳಿಯ ಕಣಿವೆಯಲ್ಲಿ ಬೆಳಕು ಹರಿಯುವ ಮೊದಲೇ ತಮಿಳರ ಆಡಿ ಮಾಸದ ಗಾಳಿ ಎದ್ದಿದೆ. ಪೇಚ್ಚಿಮುತ್ತು ಲುಂಗಿ ಎತ್ತಿ ಕಟ್ಟಿ, ಗಾಳಿಯಂತ್ರದ ಕಂಬಕ್ಕೆ ಕಿವಿಯಾನಿಸಿ ನಿಲ್ಲುತ್ತಾರೆ. ಒಳಗಿನ ಸದ್ದು ಸರಿಯಿದ್ದರೆ ಮಾತ್ರ ತಾಳೆಬೆಲ್ಲದ ಕರುಪ್ಪಟ್ಟಿ ಕಾಫಿ. ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಇಪ್ಪತ್ತಾರು ವರ್ಷಗಳಿಂದ ಇದೇ ರೂಢಿ. ಇವತ್ತು ಸದ್ದು ಸರಿಯಾಗಿಯೇ ಇದೆ, ಕಾಫಿ ಲೋಟದಲ್ಲೇ ಆರುತ್ತಿದೆ. ಯಂತ್ರವನ್ನು ಇವತ್ತೇ ಕಳಚಿ ಗುಜರಿಗೆ ಸಾಗಿಸುತ್ತಾರೆ.

ಇಲ್ಲಿ ಹುಟ್ಟಿದ ಕರೆಂಟು ದೇಶದ ತಂತಿಜಾಲ ಸೇರಿದ ಮೇಲೆ ಅದು ಗಾಳಿಯದೋ ಕಲ್ಲಿದ್ದಲಿನದೋ ಎಂದು ಯಾರಪ್ಪನಿಂದಲೂ ಹೇಳಲಾಗದು. ಹೇಳುವುದು ಕಂಬದ ಬುಡದ ಮೀಟರು. ತಿಂಗಳಿಗೊಮ್ಮೆ ವಿದ್ಯುತ್ ಮಂಡಳಿಯವರೂ ಪೇಚ್ಚಿಮುತ್ತುವೂ ಜೊತೆಯಲ್ಲಿ ನಿಂತು ಅದನ್ನು ಓದಬೇಕು, ಸೀಸದ ಸೀಲು ಭದ್ರವಾಗಿರಬೇಕು. ಆಗ ಸಾವಿರ ಯೂನಿಟ್ಟಿಗೊಂದು ಹಸಿರು ಸರ್ಟಿಫಿಕೇಟು. ದೂರದ ಯಾವುದೋ ಕಾರ್ಖಾನೆ ಅದನ್ನು ಕೊಂಡು ತಾನೂ ಶುದ್ಧ ಎನ್ನಿಸಿಕೊಳ್ಳುತ್ತದೆ. ಈ ಮುದಿ ಯಂತ್ರದ ಜೀವ ನಿಂತಿದ್ದೇ ಆ ಸರ್ಟಿಫಿಕೇಟುಗಳ ಮೇಲೆ.

ಹೋದ ಆಡಿಯಲ್ಲಿ ಮೀಟರಿನ ಪೆಟ್ಟಿಗೆಗೆ ಹಲ್ಲಿಯೊಂದು ಹೊಕ್ಕಿತು. “ಸುಟ್ಟ ವಾಸ್ನೆ ಬಂತು. ಭಾನುವಾರ ನೋಡಿ, ಮಂಡಳಿಯೋರು ಫೋನೇ ಎತ್ಲಿಲ್ಲ. ಮೀಟ್ರು ಸುಟ್ಟೋದ್ರೆ ಏನ್ ಗತಿ? ಸೀಲ್ ಕಿತ್ತು ಹಲ್ಲೀನ ತೆಗ್ದೆ,” ಎನ್ನುತ್ತಾರೆ ಪೇಚ್ಚಿಮುತ್ತು.

ಮೀಟರು ಉಳಿಯಿತು. ಆದರೆ ಸೀಲಿಲ್ಲದ ಮೀಟರಿನ ಲೆಕ್ಕವನ್ನು ಯಾರೂ ಒಪ್ಪಲಿಲ್ಲ. ವರ್ಷದಲ್ಲೇ ಜೋರು ಗಾಳಿಯ ತಿಂಗಳು ಹೆಸರಿಲ್ಲದೆ ತಂತಿಯಲ್ಲಿ ಕರಗಿಹೋಯಿತು. ವಿಚಾರಣೆ ಎಳೆಯಿತು, ನೋಂದಣಿ ರದ್ದಾಯಿತು, ಕೊಯಮತ್ತೂರಿನ ಮಾಲೀಕರು ಕೈಚೆಲ್ಲಿದರು. ಕಾರ್ಖಾನೆಗಳ ಅಷ್ಟು ಹೊಗೆಯನ್ನು ಕಾಗದದಲ್ಲಿ ತೊಳೆಯಲು ಬಿಡುವ ವ್ಯವಸ್ಥೆಗೆ ಒಂದು ಹಲ್ಲಿಯ ಮೇಲೆ ಇಷ್ಟು ಕಟ್ಟುನಿಟ್ಟು! ಕೇಳಿದವರಿಗೆ ಮೈ ಉರಿಯುತ್ತದೆ.

“ಸೀಲು ತಾನಾಗೇ ಬಿತ್ತು ಅಂದಿದ್ರೆ ಇವ್ರ ಗಂಟೇನು ಹೋಗ್ತಿತ್ತು? ದೊಡ್ಡ ಹರಿಶ್ಚಂದ್ರ!” ಹೆಂಡತಿ ಇಸಕ್ಕಿಯಮ್ಮಾಳ್ ಕುಟುಕುತ್ತಾರೆ.

“ತಂತಿಗೆ ಬಿದ್ದ ಕರೆಂಟಿಗೆ ಗುರ್ತು ಎಲ್ಲಿದೆ ಕಣೇ? ನಾವ್ ಹೇಳಿದ್ದೇ ಗುರ್ತು. ನಾನೇ ಸುಳ್ಳು ಹೇಳಿದ್ರೆ ಇಷ್ಟ್ ವರ್ಷ ಓದಿದ್ದೆಲ್ಲ ಸುಳ್ಳಾಗಲ್ವಾ?”

ಇಸಕ್ಕಿಯಮ್ಮಾಳ್ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ. ಐವತ್ತೆಂಟರ ಗಂಡನನ್ನು ಹೊಸ ದೈತ್ಯ ಯಂತ್ರಗಳ ಕಂಪನಿಯವರು ಕೆಲಸಕ್ಕೆ ಕರೆಯುವುದಿಲ್ಲವೆಂದು ಅವರಿಗೆ ಗೊತ್ತು.

ಕ್ರೇನು ಬಂದು ನಿಲ್ಲುತ್ತದೆ. ಮೇಸ್ತ್ರಿ ಸೆಲ್ವಿನ್ ತಲೆತಗ್ಗಿಸಿ ಹತ್ತಿರ ಬರುತ್ತಾನೆ. “ಅಣ್ಣಾಚ್ಚಿ, ನೀವ್ ಮನೇಗ್ ನಡೀರಿ. ಮಿಶಿನ್ನ ನಾವೇ ನಿಲ್ಲಿಸ್ಕೋತೀವಿ.”

“ಬೇಡಪ್ಪ, ಅದೊಂದು ನಂಗೇ ಬಿಡು,” ಎಂದು ಪೇಚ್ಚಿಮುತ್ತು ಕಂಬದ ಬಾಗಿಲು ತೆರೆಯುತ್ತಾರೆ. “ನೀವು ಒಂದೇ ಏಟಿಗೆ ಬ್ರೇಕ್ ಹಾಕ್ತೀರ. ಅದಕ್ಕೆ ನೋವಾಗತ್ತೆ.”