ಬಾಗಿಲಲ್ಲಿ ನಿಂತವಳ ಪದ

ಮಹಾಲಕ್ಷ್ಮಮ್ಮ ನಿಂಗರಾಜುವನ್ನು ಮೊದಲು ಕಂಡದ್ದು ಹನೂರು ಬಸ್ ನಿಲ್ದಾಣದ ಎದುರು, ಅವನ ಜೆರಾಕ್ಸ್ ಅಂಗಡಿಯಲ್ಲಿ. ವಿಧವಾ ವೇತನಕ್ಕೆ ಆಧಾರ್ ಕಾರ್ಡಿನ ನಕಲು ತೆಗೆಸಲು ತನ್ನೂರು ಶಾಗ್ಯದಿಂದ ಬಂದಿದ್ದಳು. ಕರೆಂಟು ಹೋಯಿತು. ಬೆಂಚಿನ ಮೇಲೆ ಕೂತವಳು ಬೇಸರ ಕಳೆಯಲು ಏನೋ ಗುನುಗಿಕೊಂಡಳು. ಅವನು ಕಾಗದ ಬಿಟ್ಟು ಎದ್ದು ಬಂದ.

"ಅವ್ವ, ಅದ್ಯಾವ ಪದ? ಇನ್ನೊಂದ್ಸಲ ಏಳಿ."

"ಅಯ್ಯೋ, ಸಾವಿನ ಮನೆ ಪದ ಕನಪ್ಪ. ಯಾಪಾರದ ಜಾಗ್ದಲ್ಲಿ ಏಳ್ಬಾರ್ದು."

ಅವನು ಬಿಡಲಿಲ್ಲ. ಮುಂದಿನ ಭಾನುವಾರ ಅವಳ ಜಗಲಿಗೇ ಬಂದ.

ನಿಂಗರಾಜು ಬ್ಲಾಗ್ ಬರೆಯುತ್ತಿದ್ದ. ಪುಸ್ತಕದ ಹಾಗೇ, ಆದರೆ ಕಾಗದವಿಲ್ಲ. ಅವಳಿಗೆ ತಿಳಿದದ್ದು ಅಷ್ಟು. ಬಿ.ಎ. ಅರ್ಧಕ್ಕೆ ಬಿಟ್ಟವನು, ಊರವರ ಕಾಗದಗಳನ್ನೆಲ್ಲ ನಕಲು ಮಾಡಿ, ಗಿರಾಕಿ ಇಲ್ಲದಾಗ ತನ್ನದನ್ನು ಬರೆಯುತ್ತಿದ್ದ. ಪದ ಯಾರು ಹೇಳುತ್ತಾರೆ, ಯಾವಾಗ ಹೇಳಬಾರದು, ಎಲ್ಲವನ್ನೂ ಕೇಳಿ ಕೇಳಿ ಬರೆದ. ಓದಿದವರು ಮೊದಮೊದಲು ಉದ್ದುದ್ದ ಬರೆದು ಕಳಿಸುತ್ತಿದ್ದರು. ಯಳಂದೂರಿನ ಒಬ್ಬಳು ತನ್ನ ಅಜ್ಜಿಯ ಪದವನ್ನೇ ಕಳಿಸಿದ್ದಳು. ಅವನು ಅವನ್ನೆಲ್ಲ ಮಹಾಲಕ್ಷ್ಮಮ್ಮನಿಗೆ ಓದಿ ಹೇಳುತ್ತಿದ್ದ. ಬರಬರುತ್ತ ಅವು ನಿಂತವು.

"ಎಲ್ರೂ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಅಂತ ಓಗ್ಬುಟ್ರು ಅವ್ವ. ಬರ್ಯದಿಲ್ಲ, ಎಬ್ಬೆಟ್ ಎತ್ತಾರೆ ಅಷ್ಟೇಯ."

"ಚೆಂದಾಗದೆ ಅಂತ ಎತ್ತದೋ, ಸಾಕು ನಿಲ್ಸು ಅಂತ ಎತ್ತದೋ?"

ಅವನ ಹೆಂಡತಿ ದೀಪ ಗೇಲಿ ಮಾಡುತ್ತಿದ್ದಳು: "ನಾಕ್ ಜನ ಓದದ್ಕೆ ಕಣ್ ಆಳ್ಮಾಡ್ಕತೀರಿ. ಒಂದ್ ರೀಲ್ಸ್ ಬುಡ್ರಿ, ಊರೇ ನೋಡ್ಲಿ."

ಮಹಾಲಕ್ಷ್ಮಮ್ಮನ ದನಿಯಲ್ಲಿ ಫೋನಿಗೆ ತುಂಬಿಕೊಂಡಿದ್ದ ಪದದಿಂದ ಅವನು ಮೊದಲ ಸೊಲ್ಲನ್ನಷ್ಟೇ ಕತ್ತರಿಸಿ ರೀಲ್ಸ್ ಮಾಡಿ ಹಾಕಿದ: "ಎದ್ ಬಾರವ್ವ, ಬಾಗ್ಲಿಗೆ ಬಂದ್ ನಿಂತಿವ್ನಿ, ಮಡ್ಲು ತುಂಬ ಊವ ತಂದಿವ್ನಿ." ಪೂರ್ತಿ ಪದ ಬ್ಲಾಗಿನಲ್ಲಿದೆ ಎಂದು ಕೆಳಗೆ ಬರೆದಿದ್ದ. ಲಕ್ಷಗಟ್ಟಲೆ ಜನ ನೋಡಿದರು. ಬ್ಲಾಗಿನ ಕಡೆ ಯಾರೂ ಬರಲಿಲ್ಲ.

ಆಮೇಲೆ ಅವನ ಅಕ್ಕನ ಮಗಳು ಕೋಮಲಳ ಮದುವೆ, ಕೊಳ್ಳೇಗಾಲದ ಛತ್ರದಲ್ಲಿ. ಹೆಣ್ಣು ಬಾಗಿಲಿಗೆ ಬಂದು ನಿಲ್ಲುವಾಗ ದೊಡ್ಡ ಸ್ಪೀಕರಿನಲ್ಲಿ ಅದೇ ಸೊಲ್ಲು ಬಂತು. ಸೋದರಮಾವ ನಿಂಗರಾಜುವಿಗೆ ಖುಷಿಯಾಗಲೆಂದು ಅವನಿಗೂ ಹೇಳದೆ ಕೋಮಲಳೇ ಆರಿಸಿದ್ದಳು. ಬಾಗಿಲು, ಹೂವು, ಅವ್ವ. ಮದುವೆಯ ಪದವೇ ಅಂದುಕೊಂಡಿದ್ದಳು. ಅದು ಸತ್ತ ತಾಯಿಯ ಮನೆಗೆ ಬಂದ ಮಗಳ ಪದ; ತಾಯಿ ಇಲ್ಲವೆಂಬುದು ಬರುವುದು ಕೊನೆಯ ಸೊಲ್ಲಿನಲ್ಲಿ. ಪದದ ಗುರುತು ಹಿಡಿದ ಗಂಡಿನ ಕಡೆಯ ಮುದುಕಿಯರು ಎದ್ದೇಬಿಟ್ಟರು. ತಾಳಿ ಕಟ್ಟಿದ್ದೇನೋ ಆಯಿತು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು.

ನಿಂಗರಾಜು ಶಾಗ್ಯಕ್ಕೆ ಬಂದು ಇಷ್ಟನ್ನೂ ಹೇಳಿದ. "ಇದ್ಕೇನಾರ ಮಾಡ್ದೆ ನಮ್ಮಕ್ಕ ಮಕ ಕೊಟ್ಟು ಮಾತಾಡಕಿಲ್ಲ."

"ತಗ್ದಾಕ್ಲಾ ಅದ."

"ತಗ್ದೆ. ಬೇರೇವ್ರು ದನಿ ತಕಂಡವ್ರೆ ಅವ್ವ. ನಾಮಕರಣಕ್ಕೂ ಆಕವ್ರೆ."

"ನೀ ಆಕಿದ್ನ ನೀನೇ ತಗುದ್ರೆ ಅವ್ರತ್ರ ಎಂಗುಳೀತದ್ಲಾ?"

ಅವನು ಬಿಡಿಸಿ ಹೇಳಿದ. ಅವಳಿಗೆ ಹೊಳೆಯಲಿಲ್ಲ.

"ಅಂಗಾರೆ ಪೂರ್ತಿ ಆಕು. ಕೇಳ್ದೋರ್ಗೆ ತಿಳೀತದೆ."

"ಪೂರ್ತಿ ಯಾರ್ ಕೇಳಾರು? ಒಂದ್ ಸೊಲ್ಲಿಗೇ ಮುಂದ್ಕ್ ತಳ್ತಾರೆ."

ಅವಳು ಪದವನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು. ಯಾವ ಮಗಳಾದರೂ ಬಾಗಿಲಲ್ಲಿ ನಿಂತು ಮೊದಲು ಕೂಗುತ್ತಾಳೆ. ಒಳಗಿಂದ ಮಾತು ಬರದಿದ್ದಾಗ ತಾನೆ ಅಳುವುದು? ನಿಂಗರಾಜು ಫೋನನ್ನು ಅವಳ ಮುಂದೆ ಹಿಡಿದು, ಮುಖ ನೋಡದೆ ಕೇಳಿದ:

"ಅವ್ವ, ಸತ್ತೋದ್ಲು ಅನ್ನೋ ಸೊಲ್ಲ ಮೊದ್ಲಿಗೇ ತಂದು ಏಳಕ್ಕಾಯ್ತದಾ?"